ಗಿಟಾರ್ ಕೆಳಗಿಟ್ಟ ಯೂಸುಫ್ ಇಸ್ಲಾಂ ಆಮೇಲೆ ಏನು ಮಾಡಿದರು?

ಯೂಸುಫ್ ಇಸ್ಲಾಂ ಅವರ ಹೆಸರು ನಮ್ಮ ಬ್ಯಾರಿ ಮನೆಗಳಿಗೆ ಹೊಸದಲ್ಲ. ಮತಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕ್ಯಾಟ್ ಸ್ಟೀವನ್ಸ್ ಎಂಬ ಲೋಕಪ್ರಸಿದ್ಧ ಹಾಡುಗಾರ, ಹಣ, ಹೆಸರು ಎಲ್ಲ ಇದ್ದವರು, ಖುರ್‌ಆನ್ ಓದಿ ಇಸ್ಲಾಂ ಸ್ವೀಕರಿಸಿದರು, ಗಿಟಾರ್ ಬಿಟ್ಟರು. ಸುಬ್‌ಹಾನಲ್ಲಾಹ್! ಅಲ್ಲಿಗೆ ಕತೆ ಮುಗಿಯಿತು.

ನಮ್ಮ ಹುಡುಗರ ಮೊಬೈಲಿನಲ್ಲಿ ಇನ್ನೊಂದು ಕತೆ ಉಂಟು. ಅದರಲ್ಲಿ ಬಿಳಿ ಗಡ್ಡದ ಅದೇ ಯೂಸುಫ್ ಗಿಟಾರ್ ಹಿಡಿದು ಸಾವಿರಾರು ಜನರ ಎದುರು ಹಾಡುತ್ತಾರೆ. "ನೋಡಿ ಉಸ್ತಾದೇ, ಅವರೇ ಹಾಡ್ತಾರಲ್ವಾ, ಮತ್ತೆ ನಮಗೆ ಯಾಕೆ ಬೇಡ ಅಂತೀರಿ?" ಎಂದು ಹುಡುಗರು ಕೇಳುತ್ತಾರೆ.

ಎರಡೂ ಸುಳ್ಳಲ್ಲ, ಆದರೆ ಎರಡೂ ಅರ್ಧ. ಅವರು ಪಾಪ್ ಹಾಡಿನ ಕೊನೆಯ ಆಲ್ಬಂ ಹೊರತಂದದ್ದು 1978ರಲ್ಲಿ. ಮತ್ತೆ ಅಂಥ ಆಲ್ಬಂ ಬಂದದ್ದು 2006ರಲ್ಲಿ. ನಡುವೆ 28 ವರ್ಷ. ಈ 28 ವರ್ಷಗಳಲ್ಲಿ ಆ ಮನುಷ್ಯ ಏನು ಮಾಡಿದರು ಎಂದು ಹಾಡು ಬೇಡ ಎನ್ನುವವರೂ ಹೇಳುವುದಿಲ್ಲ, ಬೇಕು ಎನ್ನುವವರೂ ಹೇಳುವುದಿಲ್ಲ. ನಮಗೆ ಪಾಠ ಇರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ.

ಅವರು ಹುಟ್ಟಿದ್ದು 1948ರ ಜುಲೈಯಲ್ಲಿ, ಲಂಡನ್‌ನಲ್ಲಿ. ಹೆತ್ತವರಿಟ್ಟ ಹೆಸರು ಸ್ಟೀವನ್ ಡಿಮೀಟ್ರಿ ಜಾರ್ಜಿಯೊ. ತಂದೆ ಸೈಪ್ರಸ್ ದ್ವೀಪದ ಗ್ರೀಕ್ ಮೂಲದವರು, ತಾಯಿ ಸ್ವೀಡನ್‌ನವರು. ಇಬ್ಬರೂ ಸೇರಿ ಪೇಟೆಯ ನಡುವೆ ಒಂದು ಹೋಟೆಲ್ ನಡೆಸುತ್ತಿದ್ದರು, ವಾಸ ಅದರ ಮಾಳಿಗೆಯಲ್ಲಿ. ಮಕ್ಕಳೂ ಹೋಟೆಲ್ ಕೆಲಸಕ್ಕೆ ಕೈ ಹಾಕಬೇಕಿತ್ತು. ಹೊರನಾಡಿನಿಂದ ಬಂದು ಹೋಟೆಲಿನಲ್ಲಿ ದುಡಿದು ಮಕ್ಕಳನ್ನು ದೊಡ್ಡ ಮಾಡುವುದು ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಜೀವನ. ಓದಿದ್ದು ಕ್ಯಾಥೊಲಿಕ್ ಶಾಲೆಯಲ್ಲಿ. ಚಿತ್ರ ಬಿಡಿಸುವುದರಲ್ಲಿ ಆಸಕ್ತಿ ಇತ್ತು. ಮುಂದೆ ತನ್ನ ಕೆಲವು ಆಲ್ಬಂಗಳ ಹೊದಿಕೆಗೆ ತಾನೇ ಚಿತ್ರ ಬರೆದರು.

1966ರಲ್ಲಿ, 18ನೇ ವಯಸ್ಸಿಗೆ, ಮೊದಲ ಹಾಡು ಬಂತು. ಮರುವರ್ಷ 'ಮ್ಯಾಥ್ಯೂ ಆಂಡ್ ಸನ್' ಎಂಬ ಹಾಡು ಬ್ರಿಟನ್‌ನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಹುಡುಗ ತಾರೆಯಾದ. ಕುಡಿತ, ನಿದ್ದೆಗೆಟ್ಟ ರಾತ್ರಿಗಳು ಜೊತೆಗೆ ಬಂದವು. 1969ರಲ್ಲಿ ಕ್ಷಯರೋಗ ಹಿಡಿಯಿತು. ತಿಂಗಳುಗಟ್ಟಲೆ ಆಸ್ಪತ್ರೆ, ಆಮೇಲೆ ಸುಮಾರು ಒಂದು ವರ್ಷ ವಿಶ್ರಾಂತಿ. ಇಪ್ಪತ್ತರ ಪ್ರಾಯದಲ್ಲಿ ಸಾವನ್ನು ಹತ್ತಿರದಿಂದ ಕಂಡವನಿಗೆ ಪ್ರಶ್ನೆಗಳು ಹುಟ್ಟುತ್ತವೆ. ಧ್ಯಾನ, ಬೌದ್ಧ ಗ್ರಂಥ, ಸಂಖ್ಯಾಶಾಸ್ತ್ರ ಎಂದು ಹುಡುಕಾಡಿದರು. ಆ ಹುಡುಕಾಟವೇ ಹಾಡುಗಳಾಯಿತು. 1970ರ 'ಟೀ ಫಾರ್ ದಿ ಟಿಲ್ಲರ್‌ಮನ್', 1971ರ 'ಟೀಸರ್ ಆಂಡ್ ದಿ ಫಯರ್‌ಕ್ಯಾಟ್' ಎಂಬ ಆಲ್ಬಂಗಳು ಅವರನ್ನು ಜಗತ್ತಿಗೆ ಪರಿಚಯಿಸಿದವು. 'ಫಾದರ್ ಆಂಡ್ ಸನ್' ಎಂಬ ಹಾಡು ಅಪ್ಪ ಮತ್ತು ಮಗನ ಮಾತುಕತೆ. ಅಪ್ಪ ತಡೆಯುತ್ತಾನೆ, ಮಗ ಹೊರಡುತ್ತೇನೆ ಎನ್ನುತ್ತಾನೆ. ಇಬ್ಬರ ಮಾತಿಗೂ ಅದರಲ್ಲಿ ಸಮಾನ ಜಾಗ ಉಂಟು. ಬೇರೆಯವರು ಬರೆದುಕೊಟ್ಟದ್ದನ್ನು ಹಾಡಿ ದೊಡ್ಡವರಾದವರಲ್ಲ ಅವರು. ತನ್ನ ಮಾತು ತಾನೇ ಬರೆದು, ರಾಗವನ್ನೂ ತಾನೇ ಕಟ್ಟಿದವರು. ಈ ವಿಷಯ ಮುಂದೆ ಬರುತ್ತದೆ, ನೆನಪಿಡಿ.

ಎಪ್ಪತ್ತರ ದಶಕದ ನಡುವಿನಲ್ಲಿ ಅಮೆರಿಕದ ಮಾಲಿಬು ಕಡಲಲ್ಲಿ ಈಜಲು ಹೋಗಿ ಮುಳುಗುವ ಹಾಗಾಯಿತು. ಬದುಕಿಸಿದರೆ ನಿನಗಾಗಿ ಕೆಲಸ ಮಾಡುತ್ತೇನೆ ಎಂದು ಸೃಷ್ಟಿಕರ್ತನನ್ನು ಕರೆದರು, ಆಗ ಒಂದು ಅಲೆ ಬಂದು ದಡದ ಕಡೆ ದೂಡಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಬಳಿಕ ಅವರ ಅಣ್ಣ ಒಂದು ಖುರ್‌ಆನ್ ತಂದುಕೊಟ್ಟರು. ಆ ಅಣ್ಣ ಆಗ ಮುಸ್ಲಿಮರಲ್ಲ ಎಂಬುದನ್ನು ಗಮನಿಸಿ. ಹಿದಾಯತ್ ಯಾರ ಕೈಯಲ್ಲಿ ಯಾರಿಗೆ ತಲುಪುತ್ತದೆ ಎಂದು ನಾವು ಹೇಳಲಿಕ್ಕೆ ಆಗುವುದಿಲ್ಲ. ಓದುತ್ತಾ ಹೋದಾಗ ಸೂರಃ ಯೂಸುಫ್ ಮನಸ್ಸಿಗೆ ನಾಟಿತು. ಬಾವಿಗೆ ಬಿದ್ದು, ಸಂತೆಯಲ್ಲಿ ಮಾರಾಟವಾದ ಆ ಪ್ರವಾದಿಯ (ಅ.ಸ) ಚರಿತ್ರೆಯಲ್ಲಿ ತನ್ನನ್ನು ಕಂಡರು. 1977ರ ಡಿಸೆಂಬರ್‌ನಲ್ಲಿ ಲಂಡನ್‌ನ ರೀಜೆಂಟ್ಸ್ ಪಾರ್ಕ್ ಮಸೀದಿಯಲ್ಲಿ ಶಹಾದತ್ ಹೇಳಿದಾಗ ಅವರಿಗೆ 29 ವರ್ಷ. ಮರುವರ್ಷ ಹೆಸರು ಯೂಸುಫ್ ಇಸ್ಲಾಂ ಆಯಿತು.

ಇನ್ನು ಸಂಗೀತದ ವಿಷಯ. ಅವರಿಂದ ಯಾರೂ ಗಿಟಾರ್ ಕಿತ್ತುಕೊಳ್ಳಲಿಲ್ಲ. ಹಾಡಿನಲ್ಲಿ ತಪ್ಪು ಮಾತಿಲ್ಲದಿದ್ದರೆ ಮುಂದುವರಿಸಬಹುದು ಎಂದು ಹೇಳಿದ ಆಲಿಮರೂ ಇದ್ದರು, ಬೇಡವೇ ಬೇಡ ಎಂದವರೂ ಇದ್ದರು. ಸಂಶಯ ಇರುವ ವಿಷಯದಿಂದ ದೂರ ಇರುತ್ತೇನೆ ಎಂದು ಅವರೇ ತೀರ್ಮಾನಿಸಿದರು. 1979ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಮಕ್ಕಳ ಸಹಾಯಕ್ಕಾಗಿ ನಡೆದ ಕಾರ್ಯಕ್ರಮದಲ್ಲಿ ಹಾಡಿ ವೇದಿಕೆ ಇಳಿದರು. ಗಿಟಾರ್‌ಗಳನ್ನು ಹರಾಜು ಹಾಕಿ ಬಂದ ಹಣವನ್ನು ದಾನಕ್ಕೆ ಕೊಟ್ಟರು. ಅದೇ ವರ್ಷ ಮದುವೆಯೂ ಆಗಿತ್ತು.

ಆಮೇಲೆ ಕೈ ಕಟ್ಟಿ ಕೂತರಾ? ಇಲ್ಲ. ತನ್ನ ಮಗಳನ್ನು ಎಂಥ ಶಾಲೆಗೆ ಕಳಿಸುವುದು ಎಂಬ ಪ್ರಶ್ನೆ ಎದುರಾಯಿತು. 1983ರಲ್ಲಿ ಲಂಡನ್‌ನಲ್ಲಿ ಇಸ್ಲಾಮಿಯಾ ಎಂಬ ಪ್ರಾಥಮಿಕ ಶಾಲೆ ಶುರು ಮಾಡಿದರು. ಆ ದೇಶದಲ್ಲಿ ಆಂಗ್ಲಿಕನ್, ಕ್ಯಾಥೊಲಿಕ್, ಯಹೂದಿ ಶಾಲೆಗಳಿಗೆ ಸರಕಾರದ ಅನುದಾನ ಇತ್ತು, ಮುಸ್ಲಿಂ ಶಾಲೆಗೆ ಇರಲಿಲ್ಲ. ಅರ್ಜಿ ಹಾಕಿದರು, ತಿರಸ್ಕಾರವಾಯಿತು. ಮತ್ತೆ ಹಾಕಿದರು. ಬೀದಿಯಲ್ಲಿ ಕೂಗಲಿಲ್ಲ, ಕಾನೂನಿನ ದಾರಿ ಬಿಡಲಿಲ್ಲ. 1998ರಲ್ಲಿ ಅನುದಾನ ಸಿಕ್ಕಿತು. ಬ್ರಿಟನ್‌ನಲ್ಲಿ ಸರಕಾರದ ಅನುದಾನ ಪಡೆದ ಮೊದಲ ಮುಸ್ಲಿಂ ಶಾಲೆಗಳ ಸಾಲಿನಲ್ಲಿ ಅದರ ಹೆಸರು ಬಂತು. 15 ವರ್ಷಗಳ ಸಬರ್ ಅದು. ಒಂದು ಶಾಲೆಗೆ ಎರಡು ವರ್ಷ ಹಣ ಬಾರದಿದ್ದರೆ ಕಮಿಟಿಯಲ್ಲಿ ಜಗಳ ಆಗುವ ನಮ್ಮ ಊರುಗಳಿಗೆ ಇದು ಕೇಳಲೇಬೇಕಾದ ಮಾತು.

ಪರಿಹಾರ ಕಾರ್ಯದಲ್ಲೂ ಇದ್ದರು. 1985ರಲ್ಲಿ ಶುರುವಾದ ಮುಸ್ಲಿಂ ಏಯ್ಡ್ ಸಂಸ್ಥೆಯ ಮೊದಲ ಅಧ್ಯಕ್ಷರು ಅವರು. ನಂತರ ಅವರದ್ದೇ ದಾನ ಸಂಸ್ಥೆಗೆ 'ಸ್ಮಾಲ್ ಕೈಂಡ್‌ನೆಸ್' ಎಂದು ಹೆಸರು. ಸಣ್ಣ ಉಪಕಾರ ಎಂದು ಅರ್ಥ. ನಮ್ಮ ಮದ್ರಸದ ಒಂದನೇ ಕ್ಲಾಸಿನ ಮಗುವಿಗೂ ಬಾಯಿಪಾಠ ಇರುವ ಸೂರಃ ಅಲ್-ಮಾಊನ್ ಇಲ್ಲಿ ನೆನಪಾಗುತ್ತದೆ.

ಎಲ್ಲವೂ ಸಲೀಸಾಗಿ ಹೋಯಿತು ಎಂದು ಹೇಳುವುದು ಸರಿಯಲ್ಲ. 1989ರಲ್ಲಿ ಸಲ್ಮಾನ್ ರಶ್ದಿ ವಿಷಯದಲ್ಲಿ ಅವರು ಆಡಿದ ಮಾತು ದೊಡ್ಡ ವಿವಾದ ಆಯಿತು. ಯಾರ ಕೊಲೆಗೂ ಕರೆ ಕೊಟ್ಟಿಲ್ಲ ಎಂದು ಅವರು ಹೇಳುತ್ತಾ ಬಂದರು. ಆದರೂ ಕೆಲವು ರೇಡಿಯೋಗಳು ಅವರ ಹಾಡು ನಿಲ್ಲಿಸಿದವು. ಬಾಯಿಂದ ಹೊರಟ ಮಾತು ಎಷ್ಟು ವರ್ಷ ಬೆನ್ನು ಹತ್ತುತ್ತದೆ ಎಂಬುದಕ್ಕೆ ಇದು ಉದಾಹರಣೆ. ಮೈಕ್ ಹಿಡಿಯುವ ನಾವೆಲ್ಲರೂ ನೆನಪಿಡಬೇಕು. 2004ರಲ್ಲಿ ಅವರಿದ್ದ ವಿಮಾನವನ್ನು ಅಮೆರಿಕದಲ್ಲಿ ಬೇರೆ ಕಡೆ ಇಳಿಸಿ, ಅವರನ್ನು ವಾಪಸ್ ಕಳಿಸಿದರು. ಅದೇ ವರ್ಷ ಶಾಂತಿಗಾಗಿ ದುಡಿದವರೆಂದು ರೋಮ್‌ನಲ್ಲಿ ಗೌರವವೂ ಸಿಕ್ಕಿತು. ಅವರ ಬಗ್ಗೆ ತಪ್ಪು ಬರೆದ ಪತ್ರಿಕೆಗಳಿಂದ ಬಂದ ಪರಿಹಾರದ ಹಣವನ್ನು ಸುನಾಮಿಯಲ್ಲಿ ಅನಾಥರಾದ ಮಕ್ಕಳಿಗೆ ಕೊಟ್ಟರು.

ಹಾಡಿನ ಕಡೆಗೆ ವಾಪಸ್ ಬಂದದ್ದು ಒಂದೇ ದಿನದಲ್ಲಿ ಅಲ್ಲ. ಬೋಸ್ನಿಯಾದ ಯುದ್ಧದ ಕಾಲದಲ್ಲಿ ಆ ದೇಶದ ವಿದೇಶಾಂಗ ಮಂತ್ರಿ ಇರ್ಫಾನ್ ಲ್ಯುಬಿಯಾಂಕಿಚ್ ತನ್ನ ಹಾಡಿನ ಒಂದು ಕ್ಯಾಸೆಟ್ ಅವರ ಕೈಗೆ ಕೊಟ್ಟಿದ್ದರು. 1995ರಲ್ಲಿ ಆ ಮಂತ್ರಿಯ ಹೆಲಿಕಾಪ್ಟರನ್ನು ಹೊಡೆದುರುಳಿಸಲಾಯಿತು. ಮನೆಮಠ ಕಳೆದುಕೊಂಡ ಜನರು ಹಾಡಿನಿಂದ ಧೈರ್ಯ ತಂದುಕೊಳ್ಳುವುದನ್ನು ಯೂಸುಫ್ ಕಂಡರು. ಅದೇ 1995ರಲ್ಲಿ ಪ್ರವಾದಿಯವರ (ಸ.ಅ) ಜೀವನ ಚರಿತ್ರೆಯ ಧ್ವನಿಮುದ್ರಿಕೆ ತಂದರು. ಅದರಲ್ಲಿ ಹೆಚ್ಚಿನದ್ದು ಮಾತು. 2000ರಲ್ಲಿ ಮಕ್ಕಳಿಗೆ ಅರಬಿ ಅಕ್ಷರ ಕಲಿಸುವ 'ಎ ಈಸ್ ಫಾರ್ ಅಲ್ಲಾಹ್' ತಂದರು. ಈ ಮುದ್ರಿಕೆಗಳಲ್ಲಿ ಕಂಠ, ದಫ್‌ನಂಥ ಚರ್ಮವಾದ್ಯ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. 2005ರಲ್ಲಿ ಸುನಾಮಿ ಅನಾಥರಿಗಾಗಿ 'ಇಂಡಿಯನ್ ಓಷನ್' ಎಂಬ ಹಾಡು ಬಂತು. ಅದರಲ್ಲಿ ನಮ್ಮ ದೇಶದ ಎ.ಆರ್. ರಹ್ಮಾನ್ ಕೂಡ ಕೈ ಜೋಡಿಸಿದ್ದಾರೆ. ಅದರ ಹಣ ಬಂದಾ ಆಚೆಯ ಮಕ್ಕಳಿಗೆ ಹೋಯಿತು.

ಗಿಟಾರ್ ಮನೆಯೊಳಗೆ ಬಂದದ್ದು ಮಗನ ಕಾರಣದಿಂದ. ಪ್ರಾಯದ ಮಗ ಒಂದು ಗಿಟಾರ್ ತಂದಿಟ್ಟಿದ್ದ. ಅಪ್ಪ ಅದನ್ನು ಒಡೆಯಲಿಲ್ಲ, ಮಗನನ್ನು ಹೊರಗೆ ಹಾಕಲಿಲ್ಲ. ಒಂದು ದಿನ ಸುಬಹಿ ನಮಾಝಿನ ಬಳಿಕ, ಮನೆಯವರೆಲ್ಲ ಮಲಗಿದ್ದಾಗ, ತಾನೇ ಅದನ್ನು ಕೈಗೆತ್ತಿಕೊಂಡರು. ಅಷ್ಟರಲ್ಲಿ ಅವರು ಈ ವಿಷಯದಲ್ಲಿ ಆಲಿಮರ ಬೇರೆ ಬೇರೆ ಅಭಿಪ್ರಾಯಗಳನ್ನು ಓದಿಯೂ ಇದ್ದರು. 2006ರಲ್ಲಿ 'ಆನ್ ಅದರ್ ಕಪ್' ಎಂಬ ಆಲ್ಬಂ ಬಂತು. ಯಾಕೆ ಹೀಗೆ ಎಂದು ಕೇಳಿದವರಿಗೆ 2014ರಲ್ಲಿ ಪುಸ್ತಕವನ್ನೇ ಬರೆದು ಉತ್ತರಿಸಿದರು. 2019ರಲ್ಲಿ ನ್ಯೂಝಿಲ್ಯಾಂಡ್‌ನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ ಜುಮುಅಗೆ ಬಂದವರನ್ನು ಕೊಂದಾಗ, ಆ ಊರಿನ ಸ್ಮರಣೆ ಸಭೆಯಲ್ಲಿ ಹೋಗಿ ನಿಂತು ಹಾಡಿದ್ದು ಇದೇ ಮನುಷ್ಯ.

ನಾನು ಇಲ್ಲಿ ಫತ್ವಾ ಕೊಡಲಿಕ್ಕೆ ಕೂತಿಲ್ಲ. ಅದು ನನ್ನ ಕೆಲಸ ಅಲ್ಲ. ನಮ್ಮ ಶಾಫಿಈ ಮದ್‌ಹಬ್‌ನ ಕಿತಾಬುಗಳಲ್ಲಿ ತಂತಿವಾದ್ಯದ ಬಗ್ಗೆ ಬಿಗಿಯಾದ ನಿಲುವು ಉಂಟು, ದಫ್‌ಗೆ ಅವಕಾಶ ಉಂಟು. ಯೂಸುಫ್ ಇಸ್ಲಾಂ ಗಿಟಾರ್ ಹಿಡಿದರು ಎಂಬುದು ನಮಗೆ ದಲೀಲ್ ಆಗುವುದಿಲ್ಲ. ಹುಡುಗರು ಇದನ್ನು ತಿಳಿಯಬೇಕು. ಆದರೆ ಹಿರಿಯರು ತಿಳಿಯಬೇಕಾದದ್ದೂ ಒಂದುಂಟು. ಈದ್ ದಿನ ಆಯಿಶಾ ಬೀವಿಯವರ (ರ.ಅ) ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಅಬೂಬಕರ್ (ರ.ಅ) ಗದರಿಸಿದರು. ಅವರನ್ನು ಬಿಟ್ಟುಬಿಡಿ ಎಂದು ಹೇಳಿದವರು ಪ್ರವಾದಿ (ಸ.ಅ). ಕವಿ ಹಸ್ಸಾನ್ ಬಿನ್ ಸಾಬಿತ್‌ರಿಗೆ (ರ.ಅ) ಮಸೀದಿಯಲ್ಲೇ ಜಾಗ ಇತ್ತು. ಕಂಠ ಮತ್ತು ಕವಿತೆ ಅಲ್ಲಾಹು ಕೊಟ್ಟ ನಿಅಮತ್.

ನಮ್ಮಲ್ಲಿ ನಡೆಯುವುದೇನು? ನನಗೆ ಗೊತ್ತಿರುವ ಒಬ್ಬ ಹುಡುಗ, ಒಳ್ಳೆ ಕಂಠ. ಮದುವೆ ಮನೆಗಳಲ್ಲಿ ಹಾಡಲು ಹೋಗುತ್ತಾನೆಂದು ಅವನ ಊರಿನಲ್ಲಿ ಕಮಿಟಿಯವರು ಹತ್ತು ಜನರ ಎದುರು ನಿಲ್ಲಿಸಿ ಬೈದರು. ಹಾಡು ನಿಂತಿತಾ? ಇಲ್ಲ. ಮಸೀದಿಗೆ ಬರುವುದು ನಿಂತಿತು. ಬಿಡು ಎಂದು ಹೇಳುವುದು ಸುಲಭ. ಬಿಟ್ಟ ಕೈಗೆ ಏನು ಕೊಡುತ್ತೇವೆ? ಯೂಸುಫ್ ಗಿಟಾರ್ ಕೆಳಗಿಟ್ಟಾಗ ಅವರ ಕೈಗೆ ಒಂದು ಶಾಲೆ ಬಂತು. ನಮ್ಮ ಹುಡುಗನ ಕೈಗೆ ಬಂದದ್ದು ಬೈಗುಳ ಮಾತ್ರ.

ಇನ್ನೊಂದು ಕಡೆ ನೋಡಿ. ನಾವೇ ನಡೆಸುವ ಮೀಲಾದ್ ಕಾರ್ಯಕ್ರಮದಲ್ಲಿ ಮಕ್ಕಳು ಸಿನೆಮಾ ಹಾಡಿನ ರಾಗಕ್ಕೆ ಮದೀನಾದ ಹೆಸರು ಸೇರಿಸಿ ಹಾಡುತ್ತಾರೆ. ಮಾತು ಮಲಯಾಳಂನಿಂದಲೋ ಉರ್ದುವಿನಿಂದಲೋ ತಂದದ್ದು. ಅರ್ಧ ಮಕ್ಕಳಿಗೆ ಅರ್ಥವೇ ಗೊತ್ತಿರುವುದಿಲ್ಲ. ನಾವು ಬಹುಮಾನ ಕೊಟ್ಟು ಕಳಿಸುತ್ತೇವೆ. ನಮ್ಮ ಉಮ್ಮ, ಉಮ್ಮಮ್ಮಂದಿರಿಗೆ ಸ್ವಂತ ಹಾಡು ಇತ್ತು. ಮೋಯಿಲಾಂಜಿ ಪಾಟ್, ಉಂಜಲ್ ಪಾಟ್, ಕೋಲ್ಕಲಿ ಪಾಟ್, ಎಲ್ಲ ನಮ್ಮ ಬ್ಯಾರಿ ಬಾಷೆಯಲ್ಲೇ. ಶಾಲೆಗೆ ಹೋಗದ ಹೆಂಗಸರು ಕಟ್ಟಿದ ಹಾಡುಗಳವು. ಹತ್ತನೇ ಕ್ಲಾಸು, ಪಿಯುಸಿ ಕಲಿತ ನಮ್ಮ ಮಕ್ಕಳಿಗೆ ನಾಲ್ಕು ಸಾಲು ಸ್ವಂತ ಕಟ್ಟಲು ಬರುವುದಿಲ್ಲವಾ? ಬರುತ್ತದೆ. ನಾವು ಕೇಳಿಲ್ಲ, ಅಷ್ಟೇ.

ಹಾಗಾಗಿ ನನ್ನದು ಒಂದು ಸಣ್ಣ ಸಲಹೆ. ಬರುವ ರಬೀಉಲ್ ಅವ್ವಲ್‌ಗೆ ಮದ್ರಸಗಳಲ್ಲಿ ಹಾಡುವ ಸ್ಪರ್ಧೆಯ ಜೊತೆ ಹಾಡು ಬರೆಯುವ ಸ್ಪರ್ಧೆ ಇಡಿ. ಬ್ಯಾರಿಯಲ್ಲೋ ಕನ್ನಡದಲ್ಲೋ, ಮಾತು ಸ್ವಂತ ಇರಬೇಕು, ರಾಗ ಸಿನೆಮಾದ್ದು ಆಗಿರಬಾರದು, ಜೊತೆಗೆ ದಫ್ ಸಾಕು. ಒಳ್ಳೆ ಕಂಠದ ಹುಡುಗನನ್ನು ಕರೆದು ಸಣ್ಣ ಮಕ್ಕಳಿಗೆ ಬೈತ್ ಕಲಿಸುವ ಜವಾಬ್ದಾರಿ ಕೊಡಿ. ಹುಡುಗಿಯರು ಬರೆದದ್ದನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿ. ಹೆತ್ತವರು ಮಗನ ಮೊಬೈಲ್ ಕಸಿಯುವ ಮುಂಚೆ ಅವನು ಬರೆದಿಟ್ಟದ್ದನ್ನು ಒಮ್ಮೆ ಓದಿ ನೋಡಿ. ತಪ್ಪಿದ್ದರೆ ತಿದ್ದಿ, ಆದರೆ ಬಾಗಿಲು ಹಾಕಬೇಡಿ. ಹಾಡುವ ಹುಡುಗರೇ, ನಿಮಗೂ ಒಂದು ಮಾತು. ಯೂಸುಫ್ ಇಸ್ಲಾಂ ಅವರ ವಿಡಿಯೊ ತೋರಿಸುವ ಮುಂಚೆ ಅವರ 28 ವರ್ಷಗಳನ್ನೂ ನೋಡಿ. ಹಾಡಿನ ಗದ್ದಲದಲ್ಲಿ ಇಶಾ ನಮಾಝ್ ತಪ್ಪಿಸಿಕೊಂಡವನಿಗೆ ಅವರ ಹೆಸರು ಹೇಳುವ ಹಕ್ಕಿಲ್ಲ.

ಮೀಲಾದ್‌ಗೆ ಕಮಿಟಿಯವರು ಕೂತು ಧ್ವನಿವರ್ಧಕದ, ಊಟದ ಲೆಕ್ಕ ಹಾಕುವಾಗ ಈ ಸ್ಪರ್ಧೆಗೂ ಒಂದು ಬಹುಮಾನದ ಹಣ ತೆಗೆದಿಡಲಿ. ಹೆಚ್ಚು ಖರ್ಚು ಬರುವ ಕೆಲಸ ಅಲ್ಲ ಇದು. ಅಲ್ಲಾಹು ನಮ್ಮ ಮಕ್ಕಳ ನಾಲಗೆಯನ್ನೂ ಕಂಠವನ್ನೂ ಖೈರ್‌ನ ದಾರಿಯಲ್ಲಿ ಇಡಲಿ, ಆಮೀನ್.