ಸಾರತೈಲವೂ ಅಳತೆಯ ಮಾತೂ

ಬೀಜ, ತೊಗಟೆ, ಎಲೆ, ಮೊಗ್ಗುಗಳನ್ನು ಹಬೆಯಲ್ಲಿ ಭಟ್ಟಿಯಿಳಿಸಿ ಪಡೆಯುವ ಪರಿಮಳದ ತೈಲಕ್ಕೆ ಕನ್ನಡದಲ್ಲಿ ‘ಸಾರತೈಲ’ವೆಂಬ ಹೆಸರಿದೆ. ಈಚಿನ ಯಂತ್ರಾನುವಾದಗಳಲ್ಲಿ ಅದು ‘ಅಗತ್ಯ ತೈಲ’ವಾಗಿದೆ, ಮರಾಠಿಯಲ್ಲಿ ‘ಆವಶ್ಯಕ ತೇಲ’ವೆಂದು ಓಡಾಡುತ್ತಿದೆ. ಇಂಗ್ಲಿಷಿನ ‘ಎಸೆನ್ಷಿಯಲ್’ ಎಂಬುದಕ್ಕೆ ಇಲ್ಲಿ ಸಾರಕ್ಕೆ ಸಂಬಂಧಿಸಿದ್ದು ಎಂದರ್ಥವೇ ಹೊರತು ಅನಿವಾರ್ಯವಾದುದು ಎಂದಲ್ಲ. ಈ ತಪ್ಪು ನಿಘಂಟಿನ ಪುಟದಲ್ಲಿಯೇ ಉಳಿಯುವುದಿಲ್ಲ. ದೇಹಕ್ಕೆ ಅಗತ್ಯವೆಂದು ಓದಿಕೊಂಡವರು ಅದನ್ನು ಕುಡಿಯಲೂಬಹುದು. ಲವಂಗದ ಶುದ್ಧ ತೈಲವನ್ನು ನುಂಗಿದ ಎಳೆಯ ಮಕ್ಕಳ ಯಕೃತ್ತಿಗೆ ಹಾನಿಯಾದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ.

ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಅಡುಗೆಮನೆಗಳಲ್ಲಿ ಕನ್ನಡಿಗರು ಅಜವಾನವೆಂದೂ ಮರಾಠಿಗರು ಓವಾ ಎಂದೂ ಕರೆಯುವ ಓಮದ ಕಾಳು ಹೊಟ್ಟೆಗೆ ಹಿತವೆಂಬ ನಂಬಿಕೆ ಹಳೆಯದು. ಆ ಕಾಳಿನ ಇನ್ನೊಂದು ಗುಣವನ್ನು ಪ್ರಯೋಗಾಲಯ ತೋರಿಸಿದೆ. ಓಮದ ಸಾರತೈಲದಲ್ಲಿ ಥೈಮಾಲ್, ಲವಂಗದ್ದರಲ್ಲಿ ಯೂಜಿನಾಲ್, ದಾಲ್ಚಿನ್ನಿ ತೊಗಟೆಯದರಲ್ಲಿ ಸಿನ್ನಮಾಲ್ಡಿಹೈಡ್ ಪ್ರಧಾನವಾಗಿವೆ. ಥೈಮಾಲ್, ಯೂಜಿನಾಲ್‌ಗಳಂಥವು ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಬೆರೆಯುವುದರಿಂದ ಬ್ಯಾಕ್ಟೀರಿಯಾದ ಕೋಶಪೊರೆಯೊಳಕ್ಕೆ ನುಸುಳಿ ಅದನ್ನು ಸಡಿಲಗೊಳಿಸುತ್ತವೆ. ಒಳಗಿನ ಪೊಟ್ಯಾಸಿಯಂ ಮೊದಲಾದುವು ಸೋರಿಹೋಗಿ ಕೋಶ ನಿಸ್ತೇಜವಾಗುತ್ತದೆ. ಸ್ಟೆಫಿಲೊಕಾಕಸ್, ಲಿಸ್ಟೀರಿಯಾಗಳು ಸಾಮಾನ್ಯವಾಗಿ ಬೇಗ ಮಣಿಯುತ್ತವೆ. ಸಾಲ್ಮೊನೆಲ್ಲಾ, ಇ. ಕೋಲೈಗಳಿಗೆ ಹೊರಗೆ ಇನ್ನೊಂದು ಪೊರೆಯಿರುವುದರಿಂದ ಅವು ಹೆಚ್ಚು ತಡೆದುಕೊಳ್ಳುತ್ತವೆ.

ಇಷ್ಟನ್ನು ಓದಿದೊಡನೆ ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಬೀಗುವುದು ಒಂದು ಅತಿ. ಅಜ್ಜಿಯ ಮದ್ದೆಂದು ನಗುವುದು ಇನ್ನೊಂದು ಅತಿ. ಎರಡರಲ್ಲಿಯೂ ಅಳತೆಯ ಮಾತಿಲ್ಲ. ಪ್ರಯೋಗಾಲಯದ ಪೋಷಕದ್ರವದಲ್ಲಿ ಸಾಲುವ ಪ್ರಮಾಣ ಹಾಲು, ಮಾಂಸಗಳಲ್ಲಿ ಸಾಲುವುದಿಲ್ಲ. ಅಲ್ಲಿಯ ಕೊಬ್ಬು, ಪ್ರೋಟೀನುಗಳು ತೈಲವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಲವು ಪಟ್ಟು ಹೆಚ್ಚು ಬೇಕಾಗುತ್ತದೆ. ಅಷ್ಟು ಬೆರೆಸಿದರೆ ಆ ಆಹಾರ ಬಾಯಿಗೆ ಸೇರುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಗಳು ದಿನಗಟ್ಟಲೆ ಕೆಡದಿರುವುದಕ್ಕೆ ಮುಖ್ಯ ಕಾರಣ ಅವುಗಳಲ್ಲಿ ನೀರಿನಂಶ ತೀರ ಕಡಿಮೆಯಿರುವುದು. ಆ ಕೀರ್ತಿಯನ್ನು ಮಸಾಲೆಗೆ ಕೊಟ್ಟು, ಅದೇ ಭರವಸೆಯಿಂದ ಮಸಾಲೆ ಅನ್ನವನ್ನು ರಾತ್ರಿಯೆಲ್ಲ ಹೊರಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಸುಮ್ಮನಿರದು. ಅದರ ಬೀಜಕಗಳು ಕುದಿಯನ್ನೂ ತಾಳಿ ಉಳಿಯುತ್ತವೆ. ಅನ್ನದಲ್ಲಿ ಅದು ಬಿಡುವ, ವಾಂತಿ ತರಿಸುವ ವಿಷ ಮರುದಿನ ಬಿಸಿಮಾಡಿದರೂ ಅಳಿಯದು. ಮಸಾಲೆ ಪುಡಿಗಳೇ ಇಂಥ ಬೀಜಕಗಳನ್ನು ಹೊತ್ತು ತರುವುದೂ ಉಂಟು.

ಹಾಗೆಂದು ಸಾರತೈಲ ವ್ಯರ್ಥವಲ್ಲ. ಶೈತ್ಯ, ಹುಳಿಗಳ ಜೊತೆಗೂಡಿದಾಗ ಅದರ ಪರಿಣಾಮ ಹೆಚ್ಚುತ್ತದೆ. ಆಹಾರದ ಪೊಟ್ಟಣದ ಪದರದಲ್ಲಿ ಅದನ್ನು ಸೇರಿಸುವ ಪ್ರಯೋಗಗಳೂ ನಡೆದಿವೆ. ಶುಚಿತ್ವಕ್ಕೂ ಶೈತ್ಯಕ್ಕೂ ಅದು ನೆರವಾದೀತು, ಬದಲಿಯಾಗಲಾರದು.

ಈ ವಿವೇಚನೆ ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ಹೊರಗಿನದಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಶಾಸ್ತ್ರದ ಖಚಿತತೆ ಅದರ ರಸಕ್ಕೆ ಅಡ್ಡಿಯಾಗಲಿಲ್ಲ. ಗಡಿನಾಡಿನ ವಿದ್ಯಾರ್ಥಿಗೆ ಕನ್ನಡ, ಮರಾಠಿಗಳೆರಡರ ಬಲವಿದೆ. ಎರಡು ಕಡೆಯ ತಪ್ಪು ಪದವನ್ನೂ ಅವನು ಗುರುತಿಸಬಲ್ಲ, ಅವಳು ತಿದ್ದಬಲ್ಲಳು. ‘ಓಮ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ’ ಎಂಬ ವಾಕ್ಯ ಕಂಡಾಗ ಕಾಳೋ ತೈಲವೋ, ಯಾವ ಬ್ಯಾಕ್ಟೀರಿಯಾ, ಎಷ್ಟು ಪ್ರಮಾಣ, ಯಾವ ಆಹಾರದಲ್ಲಿ ಎಂದು ಕೇಳಿ, ಉತ್ತರ ದೊರೆತಷ್ಟನ್ನೇ ಬರೆಯುವುದು ಭಾಷಾಭ್ಯಾಸದ ಕೆಲಸವೇ. ರಾತ್ರಿ ಹೊರಗಿಟ್ಟ ಅನ್ನ ವಾಸನೆ ಬಾರದಿದ್ದರೂ ಏಕೆ ಅಪಾಯವೆಂಬುದನ್ನು ಮನೆಯವರಿಗೆ ಅವರ ಮಾತಿನಲ್ಲಿ ತಿಳಿಯಹೇಳಲಾಗದಿದ್ದರೆ, ಐಚ್ಛಿಕ ಕನ್ನಡದ ಪದವಿ ಅಷ್ಟರಮಟ್ಟಿಗೆ ಅಪೂರ್ಣವೇ ಸರಿ.