ಮಾಲ್ಗುಡಿ ಉಳೀತು, ಅರಸಾಳಿಗೆ ಗಾಡಿ?

ಹೊಸನಗರ ತಾಲ್ಲೂಕಿನ ಅರಸಾಳಿನ ಹಳೇ ರೈಲ್ವೆ ಸ್ಟೇಷನ್ ಇವತ್ತು ನಿಂತಿದ್ದರೆ ಅದಕ್ಕೆ ಕಾರಣ ರೈಲಲ್ಲ, ಟೀವಿ.

ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟಲು ಮತ್ತೆ ದಶಕಗಳೇ ಹಿಡಿದವು. ಅದೂ ಮೀಟರ್‌ಗೇಜ್. 1980ರ ದಶಕದಲ್ಲಿ ಶಂಕರ್‌ನಾಗ್ ಬಂದು 'ಮಾಲ್ಗುಡಿ ಡೇಸ್'ಗೆ ಇದನ್ನೇ ಮಾಲ್ಗುಡಿ ಸ್ಟೇಷನ್ ಮಾಡಿದರು. 2011ರಲ್ಲಿ ಬ್ರಾಡ್‌ಗೇಜ್ ಗಾಡಿ ತಾಳಗುಪ್ಪದ ತನಕ ಓಡಿತು. ಹಳೇ ಕಟ್ಟಡಕ್ಕೆ ಕೆಲಸ ತಪ್ಪಿ ಹಾಳುಬಿತ್ತು. 2020ರಲ್ಲಿ ರೈಲ್ವೆಯವರು ಅದನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರೇ ದುರಸ್ತಿಗೆ ನಿಂತರು. ಹಳೇ ಬೋಗಿಯೊಳಗೆ ಚಹಾ ಅಂಗಡಿಯೂ ಆಯ್ತು.

ಒಳ್ಳೇದೇ. ಶಂಕರ್‌ನಾಗ್ ಕಾಲಿಡದ ಸ್ಟೇಷನ್ನುಗಳ ಪಾಡು ಕೇಳೋದೇ ಬೇಡ. ಆದರೆ ಮ್ಯೂಸಿಯಂ ನೋಡುವವರು ಕಾರಿನಲ್ಲಿ ಬರ್ತಾರೆ, ಫೋಟೋ ಹೊಡ್ಕೊಂಡು ಹೋಗ್ತಾರೆ. ಊರಿನವರಿಗೆ ಬೇಕಾದ್ದು ಬೆಳಿಗ್ಗೆ ಶಿವಮೊಗ್ಗದ ಆಸ್ಪತ್ರೆಗೋ ಕೋರ್ಟಿಗೋ ಹೋಗಿ ಸಂಜೆ ಮನೆ ಸೇರಿಸುವ ಗಾಡಿ. ಸ್ಟೇಷನ್ ಎದುರಿನ ಅಂಗಡಿಯವನ ಗಲ್ಲಾ ತುಂಬೋದೂ ಗಾಡಿ ನಿಂತರೆ, ಗೋಡೆಗೆ ಬಣ್ಣ ಹೊಡೆದರೆ ಅಲ್ಲ. ಸಣ್ಣ ಊರಲ್ಲಿ ಎಕ್ಸ್‌ಪ್ರೆಸ್ ನಿಲ್ಲಿಸಿ ಅಂದರೆ ಇಲಾಖೆ ಮೊದಲು ನೋಡೋದು ಟಿಕೆಟ್ ಎಷ್ಟು ಖರ್ಚಾಗುತ್ತೆ ಅಂತ. ಗಾಡಿಯೇ ನಿಲ್ಲದ ಕಡೆ ಟಿಕೆಟ್ ಯಾರು ಕೊಳ್ತಾರೆ, ಸ್ವಾಮಿ?