ಅಂಕ ಎಷ್ಟು, ಅವಕಾಶ ಎಷ್ಟು?

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ಶೇಕಡಾವಾರು ಪಾಠ ಮಾಡುವಾಗ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನ ಉದಾಹರಣೆ ತೆಗೆದುಕೊಂಡೆ. 2016ರ ಏಪ್ರಿಲ್‌ನಲ್ಲಿ ಕೋಬಿ ಬ್ರಯಾಂಟ್ ತಮ್ಮ ವಿದಾಯ ಪಂದ್ಯದಲ್ಲಿ 60 ಅಂಕ ಗಳಿಸಿದರು. ಅದೇ ಡಿಸೆಂಬರ್‌ನಲ್ಲಿ ಕ್ಲೇ ಥಾಂಪ್ಸನ್ ಕೂಡ ಒಂದೇ ಪಂದ್ಯದಲ್ಲಿ 60 ಗಳಿಸಿದರು. “ಯಾರ ಆಟ ಮೇಲು?” ಎಂದು ಕೇಳಿದೆ. “ಇಬ್ಬರದೂ ಸಮ ಮಿಸ್” ಎಂದರು ಮಕ್ಕಳು.

ಆಗ ಹಲಗೆಯ ಮೇಲೆ ಇನ್ನೊಂದು ಸಾಲು ಬರೆದೆ. ಫ್ರೀ ಥ್ರೋಗಳಿಂದ ಇಬ್ಬರಿಗೂ ಬಂದದ್ದು ತಲಾ 10 ಅಂಕ. ಉಳಿದ 50 ಅಂಕಕ್ಕೆ ಬ್ರಯಾಂಟ್ 50 ಸಲ ಎಸೆದು 22 ಸಲ ಬುಟ್ಟಿಗೆ ಹಾಕಿದ್ದರು. ಥಾಂಪ್ಸನ್ 33 ಸಲ ಎಸೆದು 21 ಸಲ. ಮಕ್ಕಳೇ ಲೆಕ್ಕ ಹಾಕಿದರು: ಶೇ. 44 ಮತ್ತು ಸುಮಾರು ಶೇ. 64. ಆಡಿದ ಸಮಯವೂ ಒಂದೇ ಅಲ್ಲ. 42 ನಿಮಿಷ ಮತ್ತು 29 ನಿಮಿಷ.

“ಹಾಗಾದ್ರೆ ಬ್ರಯಾಂಟ್ ಚೆನ್ನಾಗಿ ಆಡಲಿಲ್ವಾ?” ಎಂದು ಒಬ್ಬ ಹುಡುಗ ಕೇಳಿದ. ಹಾಗಲ್ಲ. ಅಂದು ಜೊತೆಗಾರರು ಚೆಂಡನ್ನು ಮತ್ತೆ ಮತ್ತೆ ಅವರ ಕೈಗೇ ಕೊಟ್ಟರು. ಎದುರಾಳಿಗಳ ತಡೆ ದಾಟಿ 50 ಸಲ ಎಸೆಯುವುದೂ ಸುಲಭವಲ್ಲ. 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ವಿಲ್ಟ್ ಚೇಂಬರ್ಲಿನ್ ಅವರಿಗೆ 63 ಎಸೆತಗಳು ಸಿಕ್ಕಿದ್ದವು. ಕೊನೆಯಲ್ಲಿ ಇಡೀ ತಂಡವೇ ಅವರಿಗಾಗಿ ಆಡಿತು. ಆದರೆ ಅವುಗಳಲ್ಲಿ 36 ಬುಟ್ಟಿಗೆ ಬೀಳದಿದ್ದರೆ ಆ ದಾಖಲೆಯಿಲ್ಲ. ಅವಕಾಶ, ಸಾಮರ್ಥ್ಯ ಎರಡೂ ಸೇರಿಯೇ ಮೊತ್ತವಾಗುತ್ತದೆ. ಮೊತ್ತವನ್ನಷ್ಟೇ ನೋಡಿದರೆ ಯಾವುದರ ಪಾಲು ಎಷ್ಟೆಂದು ತಿಳಿಯುವುದಿಲ್ಲ.

ಪಾಠ ಚೆನ್ನಾಗಿ ಆಯಿತೆಂದು ಹಿಗ್ಗಿದೆ. ಆದರೆ ಹಿಂದೆ ಕುಳಿತು ವೀಕ್ಷಿಸುತ್ತಿದ್ದ ಸಹಪಾಠಿ ತನ್ನ ಹಾಳೆ ತೋರಿಸಿದಳು. ಆ ಅವಧಿಯಲ್ಲಿ ನಾನು ಕೇಳಿದ 20 ಪ್ರಶ್ನೆಗಳಲ್ಲಿ 13 ಮುಂದಿನ ಎರಡು ಬೆಂಚುಗಳಿಗೇ ಹೋಗಿದ್ದವು. ಕೊನೆಯ ಬೆಂಚಿಗೆ ಸಿಕ್ಕಿದ್ದು ಒಂದು. ಅದಕ್ಕೆ ಸರಿಯುತ್ತರವೇ ಬಂದಿತ್ತು. ಆದರೂ ನನ್ನ ದಾಖಲೆಯಲ್ಲಿ ಮುಂದಿನವರು ‘ಚುರುಕು’, ಹಿಂದಿನವರು ‘ಭಾಗವಹಿಸುವುದು ಕಡಿಮೆ’. ಹಲಗೆಯ ಮೇಲೆ ಕಲಿಸಿದ ಭಾಗಾಕಾರವನ್ನು ನಾನೇ ಮಾಡಿರಲಿಲ್ಲ.

ನಮ್ಮ ವೀಕ್ಷಣಾ ಹಾಳೆಯಲ್ಲಿ ಯಾರು ಎಷ್ಟು ಉತ್ತರಿಸಿದರು ಎಂಬ ಕಲಂ ಇದೆ. ಅದರ ಪಕ್ಕದಲ್ಲೇ ಯಾರಿಗೆ ಎಷ್ಟು ಪ್ರಶ್ನೆ ಕೇಳಲಾಯಿತು ಎಂಬ ಇನ್ನೊಂದು ಕಲಂ ಬೇಕು ಎಂಬುದು ನನ್ನ ಅಭಿಪ್ರಾಯ. ಅಧ್ಯಾಪಕರು ಒಪ್ಪಿದರೆ ಮುಂದಿನ ಸುತ್ತಿನ ಬೋಧನಾಭ್ಯಾಸದಿಂದಲೇ ಶುರು ಮಾಡಬಹುದು. ಮಗುವನ್ನು ‘ಹಿಂದುಳಿದಿದೆ’ ಎಂದು ಬರೆಯುವ ಮೊದಲು ಚೆಂಡು ಅದರ ಕೈಗೆ ಎಷ್ಟು ಸಲ ಬಂದಿತ್ತೆಂದು ಎಣಿಸೋಣ.